ಎರಡನೆಯ ಒಲೆಯ ಹೊಗೆ

ಕಡಲೇರಿದ ತೊಂಬತ್ತನಾಲ್ಕನೆಯ ವರ್ಷ
ಎರಡನೆಯ ಆಟಿ ತಿಂಗಳ ಮೂವತ್ತೇಳನೆಯ ದಿನ
ಗೇರುಗುಡ್ಡೆ, ಹಳೆಯ ಮಂಗಳೂರಿನ ಮೇಲೆ

ನನ್ನ ಅಜ್ಜಿಯ ಅಜ್ಜಿ ವಾರಿಜಮ್ಮನವರಿಗೆ ದೇಯಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕನ್ನು ನೋಡಿ ನಾನು ಎಣಿಕೆ ತಪ್ಪಿದ್ದೇನೆಂದು ಭಾವಿಸಬೇಡಿ. ಮಳೆಗಾಲ ಉದ್ದವಾದ ಮೇಲೆ ನಮ್ಮವರು ಆಟಿಯನ್ನು ಎರಡು ಮಾಡಿದರು. ಎರಡನೆಯ ಆಟಿಗೆ ಮಳೆ ಬಿಡುವವರೆಗೂ ದಿನ ಸೇರಿಸುತ್ತ ಹೋಗುತ್ತಾರೆ. ಈ ವರ್ಷ ಅದು ಇನ್ನೂ ಮುಗಿದಿಲ್ಲ. ಇನ್ನು ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಾನು ಏಳನೆಯ ತರಗತಿಯವರೆಗೆ ಓದಿದವಳು. ದಿನಚರಿ ಬರೆದು ಅಭ್ಯಾಸವಿದೆ, ಕಾಗದ ಬರೆದು ಇಲ್ಲ. ಹಿಂದಿನ ಕಾಲಕ್ಕೆ ಕಾಗದ ಹೇಗೆ ತಲುಪುತ್ತದೆಂದೂ ತಿಳಿಯದು. ಆದರೆ ದಿನಚರಿಯನ್ನು ಓದುವವಳು ನಾನೊಬ್ಬಳೇ. ಅಣ್ಣ ಹೋದ ಮೇಲೆ ಅದು ಸಾಕಾಗುತ್ತಿಲ್ಲ.

ನಿಮ್ಮನ್ನು ನಾನು ಒಂದು ಚಿತ್ರದಿಂದ ಬಲ್ಲೆ. ನಿಮ್ಮ ಕಾಲದ ಮೊಬೈಲಿನಲ್ಲಿ ತೆಗೆದು ಕಾಗದಕ್ಕೆ ಇಳಿಸಿದ್ದು. ನೀವು ಗೇರುಬೀಜದ ಕಾರ್ಖಾನೆಯಲ್ಲಿ ಕತ್ತರಿಸುವ ಮೇಜಿನ ಮುಂದೆ ಕುಳಿತಿದ್ದೀರಿ, ಕಾಲು ಅಲಗನ್ನು ಇಳಿಸುವ ಕೆಳಗಿನ ಮೆಟ್ಟಿನ ಮೇಲಿದೆ. ತಲೆಗೆ ಬಟ್ಟೆ ಕಟ್ಟಿದ್ದೀರಿ. ಹಿಂದೆ 'ವಾರಿಜ' ಎಂದು ಪೆನ್ನಿನಲ್ಲಿ ಬರೆದಿದೆ, ಬೇರೇನೂ ಇಲ್ಲ. ನಾವೂ ಅದೇ ಕೆಲಸದವರು. ನಡುವೆ ಎಲ್ಲವನ್ನೂ ಮಾಡುವ ಯಂತ್ರಗಳು ಬಂದಿದ್ದವಂತೆ. ಅವುಗಳ ಬಿಡಿಭಾಗ ಸಿಗದೆ ಹೋದಾಗ ಜನ ಅಟ್ಟದಿಂದ ಹಳೆಯ ಮೇಜುಗಳನ್ನು ಇಳಿಸಿದರು. ಮೇಜಿಗೆ ಇಬ್ಬರು ಬೇಕೆಂಬುದು ನಿಮಗೆ ಹೇಳಿಕೊಡಬೇಕಾದ್ದಲ್ಲ. ಒಬ್ಬರು ಬೀಜವಿಟ್ಟು ಮೆಟ್ಟು ತುಳಿಯಬೇಕು, ಎದುರಿಗಿದ್ದವರು ಸೀಳಿದ ಸಿಪ್ಪೆಯಿಂದ ಸೂಜಿಯಲ್ಲಿ ತಿರುಳನ್ನು ಇಡಿಯಾಗಿ ಎಬ್ಬಿಸಬೇಕು. ಇಪ್ಪತ್ತೆರಡು ವರ್ಷ ದೂಮನೆಂಬ ನನ್ನ ಅಣ್ಣ ಮೆಟ್ಟು ತುಳಿದ, ನಾನು ತಿರುಳು ಎಬ್ಬಿಸಿದೆ. ಅವನ ಕಾಲು ಯಾವಾಗ ಏಳುತ್ತದೆಂದು ನಾನು ನೋಡುತ್ತಲೇ ಇರಲಿಲ್ಲ, ಕೈಗೆ ತಿಳಿಯುತ್ತಿತ್ತು.

ನೀವು ನಡೆದಾಡಿದ ಬೀದಿಗಳು ಈಗ ನೀರಿನ ಕೆಳಗಿವೆ. ಊರು ಗುಡ್ಡ ಹತ್ತಿದೆ. ಇಳಿತದ ಹೊತ್ತಿಗೆ ಹಳೆಯ ಗಡಿಯಾರ ಗೋಪುರದ ತುದಿ ಕಾಣುತ್ತದೆ, ಅದಕ್ಕೆ ದೋಣಿ ಕಟ್ಟುತ್ತಾರೆ. ಬಾವಿಗಳಿಗೆಲ್ಲ ಉಪ್ಪು ಬಂದಿದೆ. ಅದರಿಂದ ಬರುವ ಜ್ವರಕ್ಕೆ ಉಪ್ಪುಜ್ವರ ಎನ್ನುತ್ತೇವೆ. ಮೊದಲ ಮಳೆಗೆ ಒಂದು ಒಲೆಗೆ, ಎಂದರೆ ಒಟ್ಟಿಗೆ ಉಣ್ಣುವ ಒಂದು ಮನೆಗೆ, ಒಂದು ಪಟ್ಟಿ ಮಾತ್ರೆ ಕೊಡುತ್ತಾರೆ. ಮಾತ್ರೆ, ಯಂತ್ರದ ಎಣ್ಣೆ, ನಾವು ಕತ್ತರಿಸುವ ಗೇರುಬೀಜ ಎಲ್ಲವೂ ಆಚೆ ದಡದಿಂದ ಹಡಗಿನಲ್ಲಿ ಬರುತ್ತಿತ್ತು. ಒಂದೇ ಕಡಲಿನ ಸುತ್ತಲಿನ ಒಂಬತ್ತು ದೇಶಗಳು ಸುಂಕವಿಲ್ಲದೆ ಸರಕು ಸಾಗಿಸಲು ಒಪ್ಪಂದ ಮಾಡಿಕೊಂಡಿದ್ದವು. ಅದಕ್ಕೆ ಒಂಬತ್ತು ತೀರಗಳ ಕೂಟವೆಂದು ಹೆಸರು. ನಿಮ್ಮ ಕಾಲದಲ್ಲೂ ದೇಶಗಳು ಇಂಥ ಕೂಟ ಸೇರುವುದು, ಬಿಡುವುದು ಇತ್ತೆಂದು ಶಾಲೆಯಲ್ಲಿ ಓದಿದ ನೆನಪಿದೆ.

ನಾಲ್ಕು ವರ್ಷದ ಹಿಂದೆ ನಮ್ಮ ದೇಶ ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಜನರನ್ನು ಕೇಳಿದರು. ಬಿಡಬೇಕೆನ್ನುವವರಿಗೆ ಗುಡ್ಡದವರೆಂದೂ ಇರಬೇಕೆನ್ನುವವರಿಗೆ ಹಡಗಿನವರೆಂದೂ ಹೆಸರು ಬಿತ್ತು. ಅಣ್ಣ ಗುಡ್ಡದವನಾದ. ಅವನನ್ನು ದಡ್ಡನೆಂದು ತಿಳಿಯಬೇಡಿ. ನಮ್ಮ ಅಪ್ಪ ನೆಟ್ಟ ಗೇರುಮರಗಳು ಮನೆಯ ಹಿಂದೆಯೇ ಇದ್ದವು. ಹಡಗಿನ ಬೀಜ ಸುಲಭವಾಗಿ ಸಿಗುವಾಗ ಅವುಗಳ ಕಾಯಿ ಯಾರಿಗೂ ಬೇಡವಾಗಿತ್ತು. ಹಣ್ಣು ಬಿದ್ದು ಕೊಳೆಯುತ್ತಿತ್ತು, ಕೆಲವು ಮರ ಸೌದೆಯಾಗಿ ಹೋದವು. ನಮ್ಮ ಬೀಜಕ್ಕೆ ಯೋಗ್ಯತೆ ಉಂಟೋ ಇಲ್ಲವೋ ಎಂದು ಕಡಲಾಚೆ ಕುಳಿತವರು ಏಕೆ ಹೇಳಬೇಕು ಎಂಬುದು ಅವನ ಪ್ರಶ್ನೆ. ನಾನು ಹಡಗಿನವಳು. ಮರ ಚಿಗುರಿ ಕಾಯಿ ಬಿಡುವವರೆಗೆ ಉಣ್ಣುವುದೇನು, ಜ್ವರ ಬಂದರೆ ನುಂಗುವುದೇನು ಎಂಬುದು ನನ್ನ ಪ್ರಶ್ನೆ. ಮೇಜಿನ ಮುಂದೆ ದಿನವಿಡೀ ಇದೇ ಮಾತು. ಪಕ್ಕದ ಮೇಜಿನ ಅಸುಂತಾಬಾಯಿ ನಮ್ಮ ನೆರೆಮನೆಯವಳು, ನಾಲಗೆ ಸ್ವಲ್ಪ ಚುರುಕು. ಹಡಗಿನ ಬೀಜ ತುಳಿಯುವಾಗ ಗುಡ್ಡದವರ ಕಾಲಿಗೆ ನೋವಾಗುವುದಿಲ್ಲವೇ ಎಂದು ಅಣ್ಣನನ್ನು ಕೇಳುತ್ತಿದ್ದಳು. ಅಣ್ಣ ನಗುತ್ತಿದ್ದ. ಆಗ ನಗುವಿತ್ತು.

ನಿಮ್ಮಲ್ಲಿ ತಲೆಗೊಂದು ಮತವಿತ್ತಂತೆ. ನಮ್ಮಲ್ಲಿ ಒಲೆಗೊಂದು. ಅಕ್ಕಿ, ಮಾತ್ರೆ, ಮತ ಎಲ್ಲವೂ ಒಲೆಯ ಲೆಕ್ಕದ ಮೇಲೆ. ಒಂದು ಒಲೆಯಲ್ಲಿ ಉಣ್ಣುವವರು ಜಗಳವಾಡಿಯಾದರೂ ಒಂದು ಮಾತಿಗೆ ಬರಲಿ ಎಂದು ಹಿರಿಯರು ಹಾಗೆ ಮಾಡಿದ್ದಂತೆ. ನಾವು ಹದಿನೈದು ದಿನ ಜಗಳವಾಡಿದೆವು, ಒಂದು ಮಾತಿಗೆ ಬರಲಿಲ್ಲ. ಆಗ ಅಣ್ಣನಿಗೊಂದು ಉಪಾಯ ಹೊಳೆಯಿತು.

"ಜಗಲಿಯ ಆ ತುದಿಯಲ್ಲಿ ಮೂರು ಕಲ್ಲು ಇಡುವ, ದೇಯಿ. ಒಲೆ ಎಣಿಸುವವರು ಬರುವಾಗ ನಾನೊಂದು ಹಿಡಿ ಅಕ್ಕಿ ಬೇಯಿಸ್ತೇನೆ. ನಿನ್ನ ಮತ ನಿನಗೆ, ನನ್ನದು ನನಗೆ. ಮರುದಿನ ಕಲ್ಲು ತೆಗೆದು ಬಿಸಾಡಿದರಾಯ್ತು."

ನನಗೂ ಅದು ಸರಿಯೆನಿಸಿತು. ಜಗಳ ಸಾಕಾಗಿತ್ತು. ಆ ವಾರ ಗುಡ್ಡದ ತುಂಬ ಎಷ್ಟೋ ಮನೆಗಳ ಜಗಲಿಯಲ್ಲಿ ಮೂರು ಕಲ್ಲುಗಳು ಬಂದವು. ಎಣಿಸುವವರು ಬಂದರು, ಅಣ್ಣನ ಗಂಜಿಯ ಹೊಗೆ ನೋಡಿ ಬರೆದುಕೊಂಡರು. ಹೊರಡುವಾಗ ನಿಯಮ ಓದಿ ಹೇಳಿದರು: ಬೇರೆಯಾದ ಒಲೆಗಳು ಮುಂದಿನ ಎಣಿಕೆಯವರೆಗೆ, ಎಂದರೆ ಹನ್ನೆರಡು ವರ್ಷ, ಮತ್ತೆ ಒಂದಾಗುವ ಹಾಗಿಲ್ಲ. ಒಂದೇ ಪಾತ್ರೆಯಲ್ಲಿ ಉಣ್ಣುವುದು ಕಂಡರೆ ಎರಡೂ ಒಲೆಯ ಅಕ್ಕಿ ನಿಲ್ಲುತ್ತದೆ. ಏಳು ದಿನ ಹೊಗೆಯಾಡದ ಒಲೆಯ ಹೆಸರು ಅಳಿಸುತ್ತಾರೆ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅದನ್ನು ಮೊದಲೇ ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ದೇಶ ಕೂಟವನ್ನು ಬಿಟ್ಟಿತು. ನಮ್ಮ ಮನೆಯಿಂದ ಅತ್ತ ಒಂದು, ಇತ್ತ ಒಂದು ಮತ ಹೋಗಿತ್ತು. ನಾವಿಬ್ಬರೂ ಆ ದಿನ ಮನೆಯಲ್ಲೇ ಮಲಗಿದ್ದರೂ ಆಗುವುದು ಅದೇ ಆಗಿತ್ತು. ನಮಗೆ ಉಳಿದದ್ದು ಎರಡು ಒಲೆ.

ಮೂರು ತಿಂಗಳು ಹಳೆಯ ದಾಸ್ತಾನಿನಲ್ಲಿ ಕೆಲಸ ನಡೆಯಿತು. ಹಗಲು ಒಂದೇ ಮೇಜಿನಲ್ಲಿ ಎದುರುಬದುರು, ಸಂಜೆ ಜಗಲಿಯ ಎರಡು ತುದಿ. ಮೊದಲು ನಿಯಮಕ್ಕೆ ಹೆದರಿ ಬೇರೆ ಉಂಡೆವು. ಕೊನೆಯ ಮೂಟೆ ಮುಗಿದು ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಸಿಟ್ಟಿನಿಂದ ಬೇರೆ ಉಂಡೆವು. ಸಿಟ್ಟು ನನ್ನದೇ ಹೆಚ್ಚು. ಅಣ್ಣ ಮುಚ್ಚಿದ ಕಾರ್ಖಾನೆಯಿಂದ ನಮ್ಮ ಮೇಜನ್ನು ಕೇಳಿ ತಂದು ತನ್ನ ತುದಿಯಲ್ಲಿ ಇಟ್ಟುಕೊಂಡ, ಅಪ್ಪನ ಮರಗಳ ಬುಡ ಬಿಡಿಸಿದ, ರೆಂಬೆ ಗೆಲ್ಲು ಸವರಿದ. ಕಳೆದ ಬೇಸಿಗೆಯ ಕೊನೆಗೆ ಒಂದು ಬಟ್ಟಲು ಹಿಡಿದು ಜಗಲಿ ದಾಟಿ ಬಂದ. ಬಟ್ಟಲಲ್ಲಿ ಹುರಿದ ಗೇರುಬೀಜ ಇತ್ತು, ಎಲ್ಲ ತುಂಡು ತುಂಡು. ಒಬ್ಬನೇ ತುಳಿದು ಒಬ್ಬನೇ ಎಬ್ಬಿಸಿದರೆ ಹಾಗೆಯೇ ಆಗುತ್ತದೆ. ಇಡಿಯಾದ ತಿರುಳಾದರೆ ಸಂತೆಯಲ್ಲಿ ಅಕ್ಕಿಗೆ ಬದಲಾಯಿಸಬಹುದು, ಸೂಜಿ ಹಿಡಿಯಲು ಬಾ ಎಂದು ಕರೆದ. ನನಗೆ ಎಲ್ಲ ಅರ್ಥವಾಗಿತ್ತು. ಅರ್ಥವಾಗಿಯೇ ಹೇಳಿದೆ.

"ನಿನ್ನ ಒಲೆ ನೀನು ನೋಡಿಕೋ ಅಣ್ಣ. ಅದಕ್ಕೇ ಅಲ್ವಾ ಕಲ್ಲು ಇಟ್ಟದ್ದು."

ಅವನು ಬಟ್ಟಲನ್ನು ನನ್ನ ಹೊಸ್ತಿಲ ಮೇಲಿಟ್ಟು ಹೋದ. ನಾನು ಮುಟ್ಟಲಿಲ್ಲ. ಕಾಗೆಗಳು ತಿಂದವು.

ಈ ವರ್ಷದ ಮೊದಲ ಆಟಿಯಲ್ಲಿ ಅವನಿಗೆ ಉಪ್ಪುಜ್ವರ ಬಂತು. ಹಳೆಯ ಉಗ್ರಾಣದಿಂದ ಹಂಚಿದ ಮಾತ್ರೆ ನುಂಗಿ ಎದ್ದ, ಅವನ ಪಟ್ಟಿ ಮುಗಿಯಿತು. ನನ್ನ ಪಟ್ಟಿ ಅಕ್ಕಿ ಡಬ್ಬಿಯಲ್ಲಿ ಹಾಗೆಯೇ ಇತ್ತು. ಎರಡನೆಯ ಆಟಿಯಲ್ಲಿ ಜ್ವರ ಮರುಕಳಿಸಿದ್ದು ನನಗೆ ಗೊತ್ತಾಗಲಿಲ್ಲ. ಮಳೆಗೆ ಜಗಲಿಯ ನಡುವೆ ಬಿದಿರಿನ ತಟ್ಟಿ ಕಟ್ಟಿದ್ದೆವು, ಆಚೆ ಕಾಣುತ್ತಿರಲಿಲ್ಲ. ದಿನಾ ಬೆಳಿಗ್ಗೆ ಎದ್ದು ತಟ್ಟಿಯ ಮೇಲಿಂದ ನೋಡುತ್ತಿದ್ದೆ. ಹೊಗೆ ಏಳುತ್ತಿತ್ತು. ಉಣ್ಣುತ್ತಿದ್ದಾನೆ, ಚೆನ್ನಾಗಿದ್ದಾನೆ ಎಂದುಕೊಂಡು ನನ್ನ ಮನೆಗೆಲಸಕ್ಕೆ ತೊಡಗುತ್ತಿದ್ದೆ. ಹನ್ನೊಂದು ದಿನ ಹಾಗೆ ನೋಡಿದೆ. ದಿನಚರಿಯಲ್ಲಿ ಹನ್ನೊಂದು ದಿನವೂ 'ಅಣ್ಣನ ಒಲೆ ಹತ್ತಿದೆ' ಎಂದು ಬರೆದಿದ್ದೇನೆ.

ಹನ್ನೆರಡನೆಯ ದಿನ ಬೆಂಕಿ ಕೇಳಲು ಅವನಲ್ಲಿಗೆ ಹೋದ ಅಸುಂತಾಬಾಯಿ ನನ್ನ ಬಾಗಿಲಿಗೆ ಬಂದಳು. ಅವಳ ಸ್ವರ ತಗ್ಗಿತ್ತು.

"ದೇಯಿ, ನಿನ್ನ ಅಣ್ಣನ ಒಲೆಯ ಮೇಲೆ ಪಾತ್ರೆಯೇ ಇಲ್ಲ ಮಾರಾಯ್ತಿ. ಬರೀ ಬೆಂಕಿ ಉರೀತಾ ಉಂಟು."

ಹೋಗಿ ನೋಡಿದೆ. ಅಕ್ಕಿ ಡಬ್ಬಿ ಬರಿದಾಗಿತ್ತು. ಅವನು ಒಲೆಗೆ ಕೈ ಎಟುಕುವ ಹಾಗೆ ಚಾಪೆ ಹಾಸಿ ಮಲಗಿದ್ದ, ಪಕ್ಕದಲ್ಲಿ ಗೇರು ಸಿಪ್ಪೆಯ ರಾಶಿ. ಸಿಪ್ಪೆಯಲ್ಲಿ ಎಣ್ಣೆಯಿದೆ, ಮಳೆಯಲ್ಲೂ ಹತ್ತುತ್ತದೆ. ಮಲಗಿದಲ್ಲಿಂದಲೇ ಹಾಕುತ್ತಿದ್ದನೆಂದು ಕಾಣುತ್ತದೆ. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು.

"ದಿನಾ ಹೊಗೆ ಕಾಣ್ತಿತ್ತಲ್ಲ ನಿನಗೆ?" ಎಂದ.

"ಕಾಣ್ತಿತ್ತು ಅಣ್ಣ."

"ಹಾಗಾದ್ರೆ ಸರಿ."

ಹೆಸರು ಅಳಿಸುತ್ತಾರೆಂದು ಹಚ್ಚುತ್ತಿದ್ದನೋ, ನನಗೆ ಕಾಣಲೆಂದು ಹಚ್ಚುತ್ತಿದ್ದನೋ, ನಾನು ಕೇಳಲಿಲ್ಲ. ನನ್ನ ಪಟ್ಟಿಯ ಮಾತ್ರೆಗಳನ್ನು ಗಂಜಿಯಲ್ಲಿ ಅರೆದು ಕುಡಿಸಿದೆ. ಅವನು ಆ ಗಂಜಿ ಉಂಡದ್ದು ನನ್ನ ಪಾತ್ರೆಯಿಂದ. ಯಾರೂ ಬಂದು ನೋಡಲಿಲ್ಲ, ಯಾರ ಅಕ್ಕಿಯೂ ನಿಲ್ಲಲಿಲ್ಲ. ಮೂರನೆಯ ದಿನ ತೀರಿಕೊಂಡ. ಅಲ್ಲಿಂದ ಏಳನೆಯ ದಿನಕ್ಕೆ ಅವನ ಒಲೆಯ ಹೆಸರು ಅಳಿಸಿದರು. ಅಷ್ಟು ಚುರುಕಾಗಿ ಅವರು ಬೇರೇನನ್ನೂ ಮಾಡಿದ್ದು ನಾನು ಕಂಡಿಲ್ಲ.

ವಾರಿಜಮ್ಮನವರೇ, ಕೂಟ ಸೇರಿ ಎಂದಾಗಲೀ ಬಿಡಿ ಎಂದಾಗಲೀ ಹೇಳಲು ನಾನು ಬರೆಯುತ್ತಿಲ್ಲ. ಅಣ್ಣ ಹೇಳಿದ್ದೂ ಪೂರ್ತಿ ಸುಳ್ಳಾಗಲಿಲ್ಲ. ಅವನು ಸವರಿದ ಮರಗಳೆಲ್ಲ ಚಿಗುರಿವೆ, ಮುಂದಿನ ಬೇಸಿಗೆಗೆ ತುಂಬ ಕಾಯಿ ಬಿಡಬಹುದು. ನಾನು ಹೇಳಿದ್ದೂ ಸುಳ್ಳಾಗಲಿಲ್ಲ. ನಿಮ್ಮ ಕಾಲದಲ್ಲಿ ಇಂಥ ಪ್ರಶ್ನೆ ಬಂದರೆ ನಿಮ್ಮ ಮನೆಯವರೊಡನೆ ಬೇಕಾದಷ್ಟು ಜಗಳವಾಡಿ. ಆದರೆ ಒಂದೇ ಪಾತ್ರೆಯ ಮುಂದೆ ಕುಳಿತು ಆಡಿ. ಒಂದು ದಿನದ ಮಟ್ಟಿಗೆಂದು ಯಾರಾದರೂ ಹೇಳಿದರೂ ಕಲ್ಲು ತರಬೇಡಿ.

ಇನ್ನೊಂದು ಕೇಳಿಕೊಳ್ಳುವುದಿದೆ. ಆ ಚಿತ್ರದಲ್ಲಿ ನಿಮ್ಮ ಎದುರಿಗೆ ಕುಳಿತವರು ಕಾಣುವುದಿಲ್ಲ. ಅಂಚಿನಲ್ಲಿ ಒಂದು ಕೈ ಮಾತ್ರ ಇದೆ: ಎರಡು ಗಾಜಿನ ಬಳೆ, ಸಿಪ್ಪೆಯ ಎಣ್ಣೆ ಸುಡದಂತೆ ಬೂದಿ ಸವರಿದ ಬೆರಳು, ಸೂಜಿ. ಅವರು ನಿಮಗೆ ಯಾರಾಗಬೇಕೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಈ ಕಾಗದ ತಲುಪಿದರೆ ದಯವಿಟ್ಟು ಚಿತ್ರದ ಹಿಂದೆ, ನಿಮ್ಮ ಹೆಸರಿನ ಪಕ್ಕದಲ್ಲೇ, ಅವರ ಹೆಸರನ್ನೂ ಬರೆದಿಡಿ.

ನಾನು ಈಗ ಅಣ್ಣನ ಮೇಜಿನಲ್ಲಿ ಒಬ್ಬಳೇ ಕತ್ತರಿಸುತ್ತೇನೆ. ತಿರುಳೆಲ್ಲ ತುಂಡಾಗುತ್ತದೆ. ನಾಳೆ ಬೆಳಿಗ್ಗೆ ಚಿತ್ರವನ್ನು ತಿರುಗಿಸಿ ನೋಡುತ್ತೇನೆ.

ಇಂತಿ,
ದೇಯಿ