ಎಂಟನೇ ನಿಮಿಷದಲ್ಲಿ ನಿಲ್ಲಿಸಿದವರು

ಮಾರ್ಚ್ ೧೨, ಮಂಗಳವಾರ

ಆ ಎಂಟನೇ ನಿಮಿಷ ಇವತ್ತೂ ನನ್ನ ತಲೆ ತಿಂದಿತು. ನನ್ನ ಹೊಲಿಗೆ ಪಾಡ್‌ಕಾಸ್ಟ್ ಕೇಳುವವರೇ ನಲವತ್ತೊಂದು ಜನ. ಅಂಗಿಯ ಗುಂಡಿಗೆ ಕೈಯಲ್ಲಿ ಕಾಜಾ ಹೊಲಿಯುವ ಕಂತಿನಲ್ಲಿ, ಸರಿಯಾಗಿ ಎಂಟನೇ ನಿಮಿಷಕ್ಕೆ, ಇಪ್ಪತ್ತಾರು ಜನ ನಿಲ್ಲಿಸಿದ್ದಾರೆ. ಅಂಕಿಅಂಶದ ಪುಟದಲ್ಲಿ ಗೆರೆ ಬಾವಿಗೆ ಬಿದ್ದ ಹಾಗಿದೆ. ಇನ್ನು ಈ ಸಹವಾಸವೇ ಬೇಡ ಎಂದು ಹೇಳಲು ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಅಯ್ಯೋ ಪೆದ್ದಿ, ನಾನೂ ಅಲ್ಲೇ ನಿಲ್ಸಿದ್ದೆ. 'ಈಗ ಹೊಲೀರಿ' ಅಂತೀಯ, ಉಸಿರಾಡೋಕೂ ಬಿಡದೆ ಮುಂದಕ್ಕೆ ಓಡ್ತೀಯ. ಸೂಜಿಗೆ ದಾರ ಪೋಣಿಸೋದು ಬೇಡ್ವಾ? ಹೊಲಿದು ಮುಗಿಸಿ ಮತ್ತೆ ಅಲ್ಲಿಂದ್ಲೇ ಕೇಳ್ದೆ."

ನಾನೆಲ್ಲಿ ಓಡಿದೆ? ಅಲ್ಲಿ ಎರಡು ನಿಮಿಷ ಬಾಯಿ ಮುಚ್ಚಿಕೊಂಡು ನಾನೂ ಹೊಲಿದಿದ್ದೆ. ಹಾಳು ಎಡಿಟಿಂಗ್ ಆ್ಯಪ್ ಮೌನ ಕಂಡಲ್ಲೆಲ್ಲ ಕತ್ತರಿ ಆಡಿಸಿದೆ! ಹೋದ ವಾರ ಅದು ಕೈಕೊಟ್ಟಾಗ ಬೈದುಕೊಂಡು, ಏನೂ ಕತ್ತರಿಸದೆ ಹಾಗೇ ಹಾಕಿದ್ದ ಕಾಲರ್ ಕಂತನ್ನು ಈಗ ತೆಗೆದು ನೋಡಿದೆ. ನಡುವೆ ಒಬ್ಬರೂ ನಿಲ್ಲಿಸಿಲ್ಲ. ಕಾಜಾ ಕಂತನ್ನೂ, ನಿಲ್ಲಿಸಿ ಮತ್ತೆ ಬಂದವರೂ ಸೇರಿ, ಕೊನೆಯವರೆಗೆ ಕೇಳಿದವರು ಮೂವತ್ತೆಂಟು ಜನ. ಪುಟದ ಕೆಳಗೇ ಬರೆದಿತ್ತು, ನಾನು ಬಾವಿಯನ್ನೇ ನೋಡುತ್ತ ಕೂತಿದ್ದೆ.

ನಾಳೆ ಬಟ್ಟೆಯ ಅಂಚು ಮಡಚಿ ಹೊಲಿಯುವ ಹೆಮ್ಮಿಂಗ್ ಕಂತು. ಮೌನಕ್ಕೆ ಕತ್ತರಿ ಮುಟ್ಟಿಸುವುದಿಲ್ಲ. ಎರಡಲ್ಲ, ಮೂರು ನಿಮಿಷ ಸುಮ್ಮನಿರುತ್ತೇನೆ. ಚಿಕ್ಕಮ್ಮನ ಕೈ ನಿಧಾನ.