ಬಲಗಾಲಿನ ಸುದ್ದಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಹಾರನ್,

ಡಿಪೋದಲ್ಲಿ ನಿನಗಿಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ, ಸಿಟ್ಟಾಗಬೇಡ. ನಿನಗೆ ವರ್ಗವಾದ ಮೇಲೆ ಒಂದು ಸಾಲೂ ಬರೆಯಲಿಲ್ಲ. ಏನು ಬರೆಯಹೊರಟರೂ ಮಾತು ಕಾಲಿನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಆ ಬೇಸರಕ್ಕೆ ಸುಮ್ಮನಿದ್ದೆ. ನೀನೂ ಮಗಳೂ ಸುಖವಾಗಿದ್ದೀರಿ ತಾನೇ?

ಮೊದಲು ಬಲಗಾಲಿನ ಚಪ್ಪಲಿ ನೆಲಕ್ಕೆ ಪಟಪಟ ಬಡಿಯತೊಡಗಿತು. ಸುಸ್ತೆಂದು ತಳ್ಳಿಹಾಕಿದೆ. ಆಮೇಲೊಂದು ಬೆಳಿಗ್ಗೆ, ಬಸ್ಸಿನ ತುಂಬ ಜನ, ಸಿಗ್ನಲ್ ಕೆಂಪಾಯಿತು. ಬ್ರೇಕಿನ ಮೇಲಿಡಲು ಹೋದರೆ ಪಾದ ಮೇಲೇಳಲೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ಸ್ಟೀರಿಂಗ್ ಬಿಡಲೊಲ್ಲದು. ಕಂಡಕ್ಟರ್ ಬಂದು ಬೆರಳು ಬಿಡಿಸಿದ.

ಮೊಣಕಾಲಿನ ಹೊರಬದಿಗೆ, ಸ್ವಲ್ಪ ಕೆಳಗೆ, ಒಂದು ಗಂಟು ಬೆಳೆದು ನರವನ್ನು ಎಲುಬಿಗೆ ಒತ್ತಿ ಹಿಡಿದಿತ್ತಂತೆ. "ನರ ಸತ್ತಿಲ್ಲಮ್ಮ, ಸಿಕ್ಕಿಹಾಕ್ಕೊಂಡಿದೆ. ಬಿಡಿಸೋಣ. ಆದ್ರೆ ಅದು ಎಚ್ಚರ ಆಗೋದು ಅದರಿಷ್ಟ," ಎಂದರು ಡಾಕ್ಟರು.

"ನಮ್ಮನೆಯವರ ಹಾಗೆ," ಎಂದೆ. ನಕ್ಕುಬಿಟ್ಟರು.

ಆಪರೇಷನ್ ಬೇಗ ಮುಗಿಯಿತು, ಕಾಯುವುದು ಮುಗಿಯಲಿಲ್ಲ. ಪಾದ ಜೋಲದಂತೆ ಪ್ಲಾಸ್ಟಿಕ್ ಅಚ್ಚಿನಲ್ಲಿ ಕಾಲು ಕಟ್ಟಿಸಿಕೊಂಡು ಮೂರನೇ ಮಹಡಿಯ ಕಿಟಕಿಯಲ್ಲಿ ಕೂರುತ್ತೇನೆ. ಕೆಳಗಿನ ತಿರುವಿನಲ್ಲಿ ನನ್ನ ಬಸ್ಸನ್ನು ಯಾರೋ ಒರಟಾಗಿ ತಿರುಗಿಸಿಕೊಂಡು ಹೋಗುತ್ತಾರೆ. ಹೊಟ್ಟೆ ಉರಿಯುತ್ತದೆ.

ನಮ್ಮವರನ್ನು ದೂರುವಂತಿಲ್ಲ. ಅಡುಗೆ ಮಾಡುತ್ತಾರೆ, ತಲೆ ಬಾಚುತ್ತಾರೆ. ಜಡೆ ಮಾತ್ರ ಹಗ್ಗ ಹೊಸೆದ ಹಾಗಿರುತ್ತದೆ. ನೀರಿಗೆಂದು ಏಳಹೋದರೂ, "ನೀ ಕೂತ್ಕೋ, ನಾನಿದ್ದೀನಲ್ಲ," ಎನ್ನುತ್ತಾರೆ. ನಾನು ಮೆಟ್ಟಿಲಿಳಿಯಹೋಗಿ ಬಿದ್ದೇನೆಂದು, ಹೊರಗಿನಿಂದ ಬೀಗ ಹಾಕಿಕೊಂಡು ಅಂಗಡಿಗೆ ಹೋಗುತ್ತಾರೆ.

ಕಳೆದ ತಿಂಗಳು ಹೆಬ್ಬೆರಳು ಅಲುಗಿತು. ಈಗ ಪಾದವೂ ಸ್ವಲ್ಪ ಏಳುತ್ತದೆ. "ಹೀಗೇ ಆದ್ರೆ ಮತ್ತೆ ಬಸ್ ಓಡಿಸ್ತೀರಿ," ಎಂದಿದ್ದಾರೆ ಡಾಕ್ಟರು.

ನೀನು ಚೆನ್ನಾಗಿರು. ಮಗಳು ನೂರು ವರ್ಷ ಬಾಳಲಿ, ನಿನ್ನ ಗಂಟಲೊಂದು ಅವಳಿಗೆ ಬಾರದಿರಲಿ.

ನಿನ್ನ,
ಗೇರ್

ತಾ.ಕ. (ಸೋಮವಾರ ರಾತ್ರಿ): ಕಾಲಿನ ಸುದ್ದಿ ಹೇಳಲು ಬೆಳಿಗ್ಗೆ ಡಿಪೋಗೆ ಫೋನ್ ಮಾಡಿದ್ದೆ. ಮ್ಯಾನೇಜರ್ ತಡವರಿಸಿದರು. "ಆಪರೇಷನ್ ಆದ ವಾರವೇ ನಿಮ್ಮೆಜಮಾನ್ರು ಬಂದು, ಅವಳು ಇನ್ನು ಕೆಲಸಕ್ಕೆ ಬರಲ್ಲ ಅಂದ್ರಲ್ಲಮ್ಮ. ನಿಮ್ ಜಾಗಕ್ಕೆ ಬೇರೆಯವರನ್ನ ತಗೊಂಡ್ವಿ."

ಸಂಜೆ ಅವರನ್ನು ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು. ನನ್ನ ಕಾಲಿಗೆ ಅಚ್ಚು ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ. "ನೀನು ಮನೇಲಿದ್ರೇನೇ ನಂಗೆ ನಿದ್ದೆ ಬರೋದು ಕಣೇ," ಎಂದರು. ಬೈಯಬೇಕೆಂದಿದ್ದ ನಾನು ಕಾಲು ಚಾಚಿಕೊಂಡೇ ಇದ್ದೆ. ಅವರು ಒಂದೊಂದೇ ಪಟ್ಟಿ ಬಿಗಿಯುತ್ತ ಹೋದರು.