ರವಿವಾರದ ತೊಟ್ಟಿಲು

ರಬಕವಿ, ೧೯೩೬

ನರ್ಸ್ ರಾಹೇಲಬಾಯಿಯವರಿಗೆ ಬಾಣಂತಿ ಹೀರಾಳ ನಮಸ್ಕಾರ.

ಮಗಳೂ ನಾನೂ ಆರಾಮಾಗಿದ್ದೇವೆ. ಯೆಹೂದಿಗಳಾದ ನೀವು ಶನಿವಾರ ಒಲೆ ಕೂಡ ಹೊತ್ತಿಸುವವರಲ್ಲ. ಆದರೂ ಆ ಶನಿವಾರ ನನ್ನ ಹೆರಿಗೆಗೆ ಓಡಿ ಬಂದು ನೀವೇ ನೀರು ಕಾಯಿಸಿದಿರಿ. "ನನ್ನಿಂದ ನಿಮ್ಮ ನೇಮ ಮುರೀತ್ರಿ" ಎಂದು ನಾನು ಅತ್ತಾಗ, "ಜೀವಾ ಉಳಸೂದೂ ನಮ್ಮ ನೇಮಾನ ಐತಿ, ತಂಗಿ" ಎಂದಿರಿ.

ತೊಟ್ಟಿಲ ಕಾರ್ಯವೂ ಶನಿವಾರವೇ ಬಂದಿತ್ತು. ನಾನು ಬಾಯಿ ಬಿಡುವ ಮೊದಲೇ ಅತ್ತೆಯವರು ಪಂಡಿತರಿಗೆ, "ರಾಹೇಲಬಾಯಿ ಇಲ್ಲದ ಹೆಸರಿಡೂದು ಬ್ಯಾಡ್ರಿ. ರವಿವಾರ ಇಟ್ಕೊಳ್ಳೂಣ್ರಿ" ಎಂದರು. ನಿಮ್ಮ ಊಟದ ನೇಮವೂ ಕೆಡಬಾರದೆಂದು ನಿಮ್ಮ ಅಡುಗೆಗೆಂದೇ ಹೊಸ ಪಾತ್ರೆ ತಂದಿಟ್ಟಿದ್ದಾರೆ.

ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ನಮ್ಮವರಿಗೆ ಅಕ್ಕತಂಗಿಯರಿಲ್ಲ. ರವಿವಾರ ಬೆಳಿಗ್ಗೆ ಬಂದು ಆ ಜಾಗದಲ್ಲಿ ನೀವು ಕೂಡ್ರಬೇಕು.

ನಿಮ್ಮ,
ಹೀರಾ